ಒಂದೇ ಬರಹ, ಐದು ದಾರಿ: ಎಐ ಜೊತೆ ಬರೆದಾಗ ನನ್ನ ದನಿ ಎಲ್ಲಿ ಉಳಿಯಿತು, ಎಲ್ಲಿ ಹೋಯಿತು

ನಲವತ್ತೊಂದನೇ ವಯಸ್ಸಿಗೆ ಈಜು ಕಲಿತೆ. ಅದರ ಬಗ್ಗೆ ಆನ್‌ಲೈನ್‌ನಲ್ಲಿ ಬರೆಯಬೇಕು ಅಂತ ಬಹಳ ದಿನದಿಂದ ಆಸೆ ಇತ್ತು. ಬರೆಯಲು ಕೂತಾಗ ಪಕ್ಕದಲ್ಲೇ ಎಐ ಟೂಲ್ ತೆರೆದಿತ್ತು. ಅದಿಲ್ಲದೆ ಬರೆಯುತ್ತೇನೆ ಅನ್ನುವ ಹಟ ನನಗಿಲ್ಲ. ಆದರೆ ಕೆಲವು ತಿಂಗಳಿಂದ ಪರಿಚಯದವರ ಬರಹಗಳೆಲ್ಲ ಒಬ್ಬರೇ ಬರೆದ ಹಾಗೆ ಕಾಣುತ್ತಿದ್ದವು. ಮುಂದೆ ನನ್ನದೂ ಹಾಗೇ ಆಗುತ್ತದೆ ಅನ್ನುವ ಭಯ ಇತ್ತು. ಹಾಗಾಗಿ ಈ ಈಜಿನ ಕಥೆಯನ್ನೇ ಹಿಡಿದು, ಎಐಯನ್ನು ನಾಲ್ಕು ರೀತಿಯಲ್ಲಿ ಬಳಸಿ ಬರೆದು ನೋಡೋಣ ಅಂತ ಶುರು ಮಾಡಿದೆ. ಐದನೆಯದು ನಡುವೆ ತಾನಾಗಿ ಸೇರಿಕೊಂಡಿತು. ಒಟ್ಟು ಮೂರು ವಾರ ಹಿಡಿಯಿತು.

ಯಾವ ಟೂಲ್ ಅಂತ ಕೇಳಬಹುದು. ಎರಡು ಮೂರು ಬದಲಾಯಿಸಿದೆ. ಟೂಲ್ ಬದಲಾದಾಗ ಆದ ವ್ಯತ್ಯಾಸಕ್ಕಿಂತ ನಾನು ಕೇಳುವ ರೀತಿ ಬದಲಾದಾಗ ಆದ ವ್ಯತ್ಯಾಸ ಎಷ್ಟೋ ಜಾಸ್ತಿ. ಅದಕ್ಕೇ ಇಲ್ಲಿ ಹೋಲಿಸುತ್ತಿರುವುದು ಬಳಸುವ ದಾರಿಗಳನ್ನು.

ಮೊದಲನೆಯದು ಎಲ್ಲರಿಗೂ ಗೊತ್ತಿರುವ ದಾರಿ. ವಿಷಯ ಹೇಳಿ, "ಬರೆದುಕೊಡು" ಅನ್ನುವುದು. ಅರ್ಧ ನಿಮಿಷದಲ್ಲಿ ಆರು ಪ್ಯಾರಾ ಬಂತು. ತಪ್ಪಿಲ್ಲದ ಬರಹ. "ಈಜು ಕೇವಲ ಒಂದು ವ್ಯಾಯಾಮವಲ್ಲ, ಅದೊಂದು ಜೀವನಪಾಠ" ಅಂತ ಶುರುವಾಗಿ "ಕಲಿಕೆಗೆ ವಯಸ್ಸಿನ ಮಿತಿಯಿಲ್ಲ" ಅಂತ ಮುಗಿದಿತ್ತು. ನಡುವೆ ನಾನು ಎಲ್ಲೂ ಇರಲಿಲ್ಲ. ಇರುವುದಾದರೂ ಹೇಗೆ? ನನ್ನ ಬಗ್ಗೆ ಅದಕ್ಕೆ ಏನೂ ಗೊತ್ತಿರಲಿಲ್ಲ. ಈ ದಾರಿಯ ಬಗ್ಗೆ ಇಷ್ಟು ಸಾಕು.

ಎರಡನೆಯದರ ಬಗ್ಗೆ ಸ್ವಲ್ಪ ಉದ್ದ ಹೇಳಬೇಕು. ಯಾಕಂದರೆ ನನಗೆ ಗೊತ್ತಿರುವ ಹೆಚ್ಚಿನ ಜನ ಇದನ್ನೇ ಮಾಡುತ್ತಾರೆ, ಇದರಲ್ಲಿ ಅಪಾಯ ಇಲ್ಲ ಅಂತಲೇ ನಂಬಿದ್ದಾರೆ. ನಾವೇ ಬರೆಯುವುದು, ಆಮೇಲೆ "ಸ್ವಲ್ಪ ಚೆನ್ನಾಗಿ ಮಾಡಿಕೊಡು" ಅಂತ ಕೊಡುವುದು. ನಾನೂ ಇದನ್ನು ಒಂದು ವರ್ಷ ಮಾಡಿದ್ದೇನೆ. ವಿಷಯ ನನ್ನದು, ಅನುಭವ ನನ್ನದು, ಭಾಷೆ ಮಾತ್ರ ಸ್ವಲ್ಪ ನಯ ಆಗುತ್ತದೆ, ಅದರಲ್ಲೇನು ಅಂದುಕೊಂಡಿದ್ದೆ.

ನಾನು ಬರೆದದ್ದು ಹೀಗಿತ್ತು: "ಮೂಗಿಗೆ ನೀರು ನುಗ್ಗಿತು. ಆಗ ತಲೆಗೆ ಬಂದದ್ದು ಒಂದೇ. ಮೆಟ್ಟಿಲ ಮೇಲೆ ಬಿಚ್ಚಿಟ್ಟ ಕನ್ನಡಕ ಯಾರಾದರೂ ತುಳಿದುಬಿಟ್ಟರೆ?"

ತಿದ್ದಿ ಬಂದದ್ದು ಹೀಗೆ: "ನೀರು ನನ್ನ ಮೂಗಿನೊಳಗೆ ಪ್ರವೇಶಿಸಿದ ಆ ಕ್ಷಣದಲ್ಲಿ, ನನ್ನ ಮನಸ್ಸು ಒಂದು ಅವರ್ಣನೀಯ ಭಯದಿಂದ ತುಂಬಿಹೋಯಿತು."

ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ಬಹಳ ಹೊತ್ತು ನೋಡಿದೆ. ಕನ್ನಡಕವೇ ಇಲ್ಲ! ಆ ದಿನ ನಿಜವಾಗಿ ನಡೆದದ್ದು ಅದೊಂದೇ. ಮುಳುಗುತ್ತಿರುವ ಮನುಷ್ಯನಿಗೆ ಭಯ ಆಗಬೇಕು ಅನ್ನುವುದು ಎಲ್ಲರ ಲೆಕ್ಕ. ನನಗೆ ಕನ್ನಡಕದ ಚಿಂತೆ ಆಯಿತು. ಅದು ವಿಚಿತ್ರ ಅಂತ ಗೊತ್ತು. ವಿಚಿತ್ರ ಅಂತಲೇ ಬರೆದದ್ದು.

ಹೀಗಾಗುವುದಕ್ಕೆ ಕಾರಣ ಇದೆ. ಈ ಟೂಲ್‌ಗಳ ಒಳಗಿರುವ ಭಾಷಾ ಮಾದರಿಗಳು (ರಾಶಿ ಬರಹ ಓದಿ ಕಲಿತ ಪ್ರೋಗ್ರಾಂಗಳು) ಮಾತಿನ ಒಂದು ತುಂಡಿನ ನಂತರ ಯಾವ ತುಂಡು ಬರುವ ಸಾಧ್ಯತೆ ಜಾಸ್ತಿ ಅಂತ ಕಲಿತು ಬರೆಯುತ್ತವೆ. ಮೂಗಿಗೆ ನೀರು ನುಗ್ಗಿದ ಮೇಲೆ ಭಯ ಬರುವ ಸಾಧ್ಯತೆ ದೊಡ್ಡದು, ಕನ್ನಡಕ ಬರುವುದು ತೀರಾ ಕಡಿಮೆ. ಅದರ ಮೇಲೆ ಇನ್ನೊಂದು ಹಂತದ ತರಬೇತಿ ಇರುತ್ತದೆ. ಜನ ಎರಡು ಮೂರು ಉತ್ತರ ಓದಿ, ಯಾವುದು ಮೇಲು ಅಂತ ಗುರುತು ಹಾಕುತ್ತಾರೆ. ಆ ಗುರುತುಗಳಿಂದ ಮಾದರಿ ಮತ್ತೆ ಕಲಿಯುತ್ತದೆ. 2022ರ ನವೆಂಬರ್ 30ಕ್ಕೆ ಚಾಟ್‌ಜಿಪಿಟಿ ಜನರ ಕೈಗೆ ಬಂದಾಗ ಅದರ ಹಿಂದೆ ಇದ್ದದ್ದೂ ಇದೇ ಬಗೆಯ ತರಬೇತಿ. ಮಾತು ಸಭ್ಯವಾಗಲು, ಉತ್ತರ ಉಪಯೋಗಕ್ಕೆ ಬರಲು ಅದು ಬೇಕು. ಆದರೆ ಹತ್ತು ಜನಕ್ಕೂ ಹಿಡಿಸುವ ದನಿ ಯಾರೊಬ್ಬರದೂ ಆಗಿರುವುದಿಲ್ಲ. "ಚೆನ್ನಾಗಿ ಮಾಡು" ಅಂದಾಗ ನಮ್ಮ ಸಾಲು ಆ ನಡುಮಧ್ಯದ ಕಡೆಗೇ ಜಾರುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೂ ಒಂದು ತೊಂದರೆ ಇದೆ. ಈ ಮಾದರಿಗಳು ಓದಿ ಕಲಿತದ್ದರಲ್ಲಿ ಇಂಗ್ಲಿಷೇ ಜಾಸ್ತಿ. ಹಾಗಾಗಿ ಕನ್ನಡ ಬರೆದಾಗಲೂ ಕೆಳಗೆ ಇಂಗ್ಲಿಷಿನ ಅಚ್ಚು ಕಾಣುತ್ತದೆ. ನನ್ನ ಎರಡು ಪುಟ ತಿದ್ದಿಸಿ, ಬದಲಾದ ಜಾಗಗಳಿಗೆಲ್ಲ ಬಣ್ಣ ಹಚ್ಚಿದೆ. "ಹೋದೆ" ಅಂದಿದ್ದೆಲ್ಲ "ನಾನು ಹೋದೆನು" ಆಗಿತ್ತು. ಹೋದೆ ಅಂದರೆ ನಾನೇ ಅಲ್ವಾ? ಕ್ರಿಯಾಪದದಲ್ಲೇ ಅದು ಸೇರಿಕೊಂಡಿದೆ. "ಮೂರು ಟವೆಲ್" ಅನ್ನುವುದು "ಮೂರು ಟವೆಲ್‌ಗಳು" ಆಗಿತ್ತು. "ನೀರು ಕುಡಿದೆ" ಅನ್ನುವುದು "ನೀರನ್ನು ಕುಡಿದೆನು". ಎಲ್ಲಿ ನೋಡಿದರೂ "ಒಂದು": ಒಂದು ಭಯ, ಒಂದು ಅನುಭವ, ಒಂದು ಪಯಣ. ಒಂದೊಂದಾಗಿ ನೋಡಿದರೆ ಯಾವುದೂ ವ್ಯಾಕರಣದ ತಪ್ಪಲ್ಲ. ಎಲ್ಲ ಸೇರಿದಾಗ ಮಾತ್ರ, ನಮ್ಮ ಭಾಷೆಯನ್ನು ಪಠ್ಯಪುಸ್ತಕದಿಂದ ಕಲಿತವರು ಮಾತಾಡಿದ ಹಾಗೆ ಕೇಳುತ್ತದೆ. ನನಗೆ ನಿಜವಾಗಿ ನೋವಾದದ್ದು ಇದಕ್ಕೆ. ಒಂದು ವರ್ಷ ಇಂಥ ಸಾಲುಗಳನ್ನು ನನ್ನ ಹೆಸರಲ್ಲಿ ಹಾಕಿದ್ದೇನೆ, ಒಮ್ಮೆಯೂ ಗಮನಿಸಿರಲಿಲ್ಲ.

ಎರಡನೇ ದಾರಿಗೂ ಒಂದು ಜಾಗ ಇದೆ, ಅದನ್ನೂ ಹೇಳಬೇಕು. ಕಚೇರಿಯ ಪತ್ರ, ಅರ್ಜಿ, ದೂರು, ಸೂಚನೆ, ಇವುಗಳಲ್ಲಿ ನನ್ನ ದನಿ ಇರಬೇಕು ಅಂತೇನಿಲ್ಲ. ಅಲ್ಲಿ ನಾನು ಈಗಲೂ ಧೈರ್ಯವಾಗಿ ಬಳಸುತ್ತೇನೆ. ಸಮಯ ಉಳಿಯುತ್ತದೆ.

ಮೂರನೆಯದು, ಹಳೆಯ ಬರಹ ಕೊಟ್ಟು "ನನ್ನ ಶೈಲಿಯಲ್ಲಿ ಬರೆ" ಅನ್ನುವುದು. ಇದರ ಮೇಲೆ ನನಗೆ ಬಹಳ ಭರವಸೆ ಇತ್ತು. ನನ್ನ ಏಳು ಹಳೆಯ ಬರಹ ಆರಿಸಿದೆ. ಅವುಗಳಲ್ಲಿದ್ದ ಬೇರೆಯವರ ಹೆಸರು, ಮನೆಯ ವಿಷಯ ಎಲ್ಲ ಮೊದಲೇ ತೆಗೆದೆ. (ಇದನ್ನು ಮರೆಯಬೇಡಿ. ನಮ್ಮ ಬರಹ ನಮ್ಮದಾದರೂ ಅದರಲ್ಲಿ ಬಂದುಹೋಗುವ ಜನರ ಬದುಕು ನಮ್ಮದಲ್ಲ.) ಕೊಟ್ಟು, ಈಜಿನ ಟಿಪ್ಪಣಿಗಳನ್ನೂ ಕೊಟ್ಟು, ಬರೆಸಿದೆ.

ಬಂದದ್ದು ನೋಡಿ ಮೊದಲು ಖುಷಿಯಾಯಿತು. ಚಿಕ್ಕ ಸಾಲು, ಆಡುಮಾತು, ನಡುವೆ ಒಂದು ಪ್ರಶ್ನೆ. ನನ್ನ ಹಾಗೇ ಇತ್ತು. ಎರಡನೇ ಸಲ ಓದಿದಾಗ ಕಿರಿಕಿರಿ ಶುರುವಾಯಿತು. ಸಾಲಿನ ಕೊನೆಗೆ "ಅಷ್ಟೇ" ಅನ್ನುವ ಅಭ್ಯಾಸ ನನಗಿದೆ. ಪುಟಕ್ಕೆ ಒಂದು ಸಲ ಬರಬಹುದು. ಅದು ಒಂದೇ ಪುಟದಲ್ಲಿ ಒಂಬತ್ತು ಸಲ ಹಾಕಿತ್ತು. ಹೊರಗೆ ಕಾಣುವ ಅಭ್ಯಾಸ ಅದಕ್ಕೆ ಸಿಕ್ಕಿತು. ಎಲ್ಲಿ ಸುಮ್ಮನಿರುತ್ತೇನೆ, ಯಾವ ಮಾತನ್ನು ಹೇಳದೆ ಬಿಡುತ್ತೇನೆ ಅನ್ನುವುದು ಸಿಗಲಿಲ್ಲ. ದನಿಯ ಅರ್ಧ ಭಾಗ ಇರುವುದೇ ಅಲ್ಲಿ ಅಂತ ನನಗೆ ಆಗಲೇ ಹೊಳೆದದ್ದು.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿತ್ತು. ನಡುವಿನ ಪ್ಯಾರಾದಲ್ಲಿ, "ಚಿಕ್ಕಂದಿನಲ್ಲಿ ಒಮ್ಮೆ ಬಾವಿಗೆ ಬಿದ್ದಿದ್ದೆ, ಅಂದಿನಿಂದ ನೀರು ಅಂದರೆ ನಡುಕ" ಅಂತ ಇತ್ತು. ನಾನು ಬಾವಿಗೆ ಬಿದ್ದಿಲ್ಲ. ಟಿಪ್ಪಣಿಯಲ್ಲೂ ಹಾಗೆ ಬರೆದಿರಲಿಲ್ಲ. ಭಯಕ್ಕೆ ಒಂದು ಕಾರಣ ಬೇಕು ಅಂತ ಅದೇ ಒಂದು ಕಥೆ ಸೇರಿಸಿತ್ತು. ಬೇರೆ ದನಿಯಲ್ಲಿ ಬಂದಿದ್ದರೆ ತಕ್ಷಣ ಕಣ್ಣಿಗೆ ಬೀಳುತ್ತಿತ್ತು. ನನ್ನ ದನಿಯಲ್ಲೇ ಇದ್ದದ್ದರಿಂದ ಮೊದಲ ಓದಿಗೆ ಸಲೀಸಾಗಿ ದಾಟಿಹೋಯಿತು. ಆನ್‌ಲೈನ್‌ನಲ್ಲಿ ಹಾಕಿದ್ದರೆ ಅದು ನಾನೇ ಹೇಳಿದ ಸುಳ್ಳು. ಓದಿದವರು ನಂಬುತ್ತಿದ್ದರು, ಮರುಕವನ್ನೂ ಪಡುತ್ತಿದ್ದರು. ಐದು ದಾರಿಗಳಲ್ಲಿ ನಾನು ಅತಿ ಹೆಚ್ಚು ಹೆದರುವುದು ಇದಕ್ಕೆ. ಪೂರ್ತಿ ಬೇರೆಯವರ ಹಾಗಿರುವ ಬರಹವನ್ನು ಕೈಬಿಡುವುದು ಸುಲಭ. ನಮ್ಮ ಹಾಗೇ ಇರುವುದನ್ನು ಬಿಡುವುದು ಕಷ್ಟ.

ನಡುವೆ ಸೇರಿಕೊಂಡ ದಾರಿ ಅಂದೆನಲ್ಲ, ಅದು ಮಾತಾಡಿ ಬರೆಸುವುದು. ಒಂದು ಸಂಜೆ ಟೈಪ್ ಮಾಡಲು ಬೇಜಾರಾಗಿ, ಫೋನಿಗೆ ಹನ್ನೊಂದು ನಿಮಿಷ ಮಾತಾಡಿದೆ. ಅದು ಅಕ್ಷರವಾಗಿ ಬಂತು. ಎಐಗೆ ಕೊಟ್ಟು, "ಚುಕ್ಕೆ, ಪ್ರಶ್ನೆ ಗುರುತು ಹಾಕು, ಪ್ಯಾರಾ ಬಿಡಿಸು, ಬೇರೇನೂ ಮಾಡಬೇಡ" ಅಂದೆ. ಬಂದದ್ದರಲ್ಲಿ ಜೀವ ಇತ್ತು. ಕೈಯಲ್ಲಿ ಬರೆಯುವಾಗ ಬರದ ಮಾತು ಬಾಯಲ್ಲಿ ಬಂದಿತ್ತು. "ನೀರು ಕಿವಿಯೊಳಗೆ ಕೂತು ಎರಡು ದಿನ ನನ್ನ ಜೊತೆ ಓಡಾಡಿತು" ಅನ್ನುವ ಸಾಲು ಹಾಗೆ ಸಿಕ್ಕಿದ್ದು. ಆದರೆ ಬರಹ ಉದ್ದ, ಹೇಳಿದ್ದೇ ಹೇಳಿದ್ದೆ. ಜೊತೆಗೆ ಎಷ್ಟು ಬೇಡ ಅಂದರೂ "ಹೋಗ್ತೀನಿ" ಅನ್ನುವುದನ್ನು "ಹೋಗುತ್ತೇನೆ" ಮಾಡಿತ್ತು. ಹಾಗಾಗಿ ಮೂಲ ಅಕ್ಷರರೂಪವನ್ನು ಬೇರೆ ಕಡತದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಖಾಲಿ ಪುಟ ನೋಡಿ ಕೈ ಓಡದವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಇನ್ನು ಉಳಿದ ದಾರಿ. ಇದರಲ್ಲಿ ಎಐ ಒಂದು ಸಾಲನ್ನೂ ಬರೆಯುವುದಿಲ್ಲ. ಪೂರ್ತಿ ನಾನೇ ಬರೆದು, ಕೆಳಗೆ ಹೀಗೆ ಹಾಕಿದೆ: "ನನ್ನ ಒಂದು ವಾಕ್ಯವನ್ನೂ ತಿದ್ದಬೇಡ. ಹೊಸದಾಗಿ ಬರೆದೂ ತೋರಿಸಬೇಡ. ಓದಿ, ಎಲ್ಲಿ ಅರ್ಥ ಆಗಲಿಲ್ಲ, ಎಲ್ಲಿ ಇನ್ನಷ್ಟು ತಿಳಿಯಬೇಕು ಅನಿಸಿತು ಅಂತ ಪ್ರಶ್ನೆ ಕೇಳು. ಐದು ಸಾಕು."

ಐದು ಪ್ರಶ್ನೆ ಬಂದವು. ಎರಡು ಕೆಲಸಕ್ಕೆ ಬಾರದವು. ಈಜಿನಿಂದ ಆರೋಗ್ಯಕ್ಕೆ ಏನು ಲಾಭ ಅಂತ ಒಂದು, ಓದುಗರಿಗೆ ಏನು ಸಂದೇಶ ಅಂತ ಇನ್ನೊಂದು. ಮೂರನೆಯದು, ಮೊದಲ ವಾರ ಮತ್ತು ಮೂರನೇ ವಾರದ ನಡುವೆ ಏನಾಯಿತು ಅಂತ. ನಿಜ, ಅಲ್ಲಿ ನಾನು ಹಾರಿಬಿಟ್ಟಿದ್ದೆ. ನಾಲ್ಕನೆಯದು ಉಸಿರು ಬಿಡುವ ಕ್ರಮದ ಬಗ್ಗೆ. ನಾನು ಬರೆದದ್ದು ಗೊಂದಲವಾಗಿತ್ತು, ಸರಿಮಾಡಿದೆ. ಐದನೆಯದು ಇದು: "ಮೆಟ್ಟಿಲ ಮೇಲಿದ್ದ ಕನ್ನಡಕಕ್ಕೆ ಕೊನೆಗೆ ಏನಾಯಿತು?"

ನಾನು ಪರದೆಯಿಂದ ಕೈ ತೆಗೆದು ಸುಮ್ಮನೆ ಕೂತೆ. ಏನಾಯಿತು? ನೆನಪು ಮಾಡಿಕೊಂಡೆ. ಕೆಮ್ಮುತ್ತಾ ಮೇಲೆ ಬಂದಾಗ ಮೆಟ್ಟಿಲ ಮೇಲೆ ಕನ್ನಡಕ ಇರಲಿಲ್ಲ. ಕೋಚ್ ತನ್ನ ಟೋಪಿ ಬಿಚ್ಚಿ, ಅದರೊಳಗೆ ಕನ್ನಡಕ ಇಟ್ಟು, ಗೋಡೆಯ ಮೊಳೆಗೆ ತೂಗುಹಾಕಿದ್ದರು. ನನಗೆ ಒಂದು ಮಾತೂ ಹೇಳಿರಲಿಲ್ಲ. ಅಂದಿನಿಂದ ಪ್ರತಿದಿನ, ನಾನು ನೀರಿಗೆ ಇಳಿಯುವ ಮೊದಲು ಅವರು ಟೋಪಿ ಬಿಚ್ಚಿ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು. ಅಷ್ಟು ದೊಡ್ಡ ವಿಷಯ ನಾನು ಬರೆದೇ ಇರಲಿಲ್ಲ. ಕೊನೆಯ ಪ್ಯಾರಾ ಅದೇ ಆಯಿತು. ಆ ಪ್ರಶ್ನೆ ಯಂತ್ರದ್ದು, ಉತ್ತರದ ಪ್ರತಿ ಅಕ್ಷರ ನನ್ನದು. ಎರಡನೇ ದಾರಿಯಲ್ಲಿ ಇದೇ ಯಂತ್ರ ಇದೇ ಕನ್ನಡಕವನ್ನು ಅಳಿಸಿ ಹಾಕಿತ್ತು ಅನ್ನುವುದನ್ನು ನೆನೆಸಿಕೊಂಡರೆ ನನಗೆ ಈಗಲೂ ಆಶ್ಚರ್ಯ.

ಕಷ್ಟಗಳೂ ಇವೆ. ಸಮಯ ಜಾಸ್ತಿ ಬೇಕು. ನನಗೆ ನಾಲ್ಕು ಸಂಜೆ ಹಿಡಿಯಿತು. ಮಾತುಕತೆ ಉದ್ದವಾದಂತೆ ಅದು ಹಳೆಯ ಅಭ್ಯಾಸಕ್ಕೆ ಮರಳಿ, "ಹೀಗೆ ಬರೆಯಬಹುದು" ಅಂತ ಪ್ಯಾರಾ ಕೊಡಲು ಶುರುಮಾಡುತ್ತದೆ. ಆಗ ಓದದೆ ಮುಚ್ಚಿ, ಹೊಸ ಚಾಟ್ ತೆರೆದು, ಅದೇ ಸೂಚನೆ ಮತ್ತೆ ಹಾಕಬೇಕು. ಓದಿದರೆ ಮುಗಿಯಿತು, ಆ ಸಾಲು ತಲೆಯಲ್ಲಿ ಕೂತುಬಿಡುತ್ತದೆ. ಕಾಗುಣಿತ ನೋಡಿಸುವಾಗಲೂ ತಿದ್ದಿದ ಪ್ರತಿ ಕೇಳುವುದಿಲ್ಲ. ತಪ್ಪುಗಳ ಪಟ್ಟಿ ಮಾತ್ರ ಕೇಳುತ್ತೇನೆ. ಮಹಾಪ್ರಾಣ ಬಿಟ್ಟದ್ದು, ಒತ್ತು ತಪ್ಪಿದ್ದು ಚೆನ್ನಾಗಿ ಹಿಡಿಯುತ್ತದೆ. "ಅಲ್ವಾ" ಅನ್ನುವುದನ್ನೂ ತಪ್ಪು ಅಂತ ಹಾಕಿತ್ತು. ಅದನ್ನು ಹಾಗೇ ಬಿಟ್ಟೆ.

ಎಲ್ಲ ಮುಗಿದ ಮೇಲೆ, ಯಾವುದರಲ್ಲಿ ನನ್ನ ದನಿ ಇದೆ ಅಂತ ಯಾರಾದರೂ ಹೇಳಬೇಕಿತ್ತು. ಎಐ ಬರಹ ಪತ್ತೆ ಹಚ್ಚುವ ಟೂಲ್‌ಗೆ ಹಾಕು ಅಂತ ಗೆಳೆಯರೊಬ್ಬರು ಹೇಳಿದರು. ನನಗೆ ಅದರಲ್ಲಿ ನಂಬಿಕೆ ಇಲ್ಲ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಸಂಸ್ಥೆಯೇ 2023ರ ಜನವರಿಯಲ್ಲಿ ಅಂಥದ್ದೊಂದು ಟೂಲ್ ಬಿಟ್ಟಿತ್ತು. ಅವರದೇ ಪರೀಕ್ಷೆಯಲ್ಲಿ, ಯಂತ್ರ ಬರೆದ ಇಂಗ್ಲಿಷ್ ಬರಹಗಳಲ್ಲಿ ಅದು ಸರಿಯಾಗಿ ಗುರುತಿಸಿದ್ದು ಶೇಕಡಾ 26 ಮಾತ್ರ. ಮನುಷ್ಯರು ಬರೆದದ್ದರಲ್ಲಿ ಶೇಕಡಾ 9ನ್ನು ಯಂತ್ರದ್ದು ಅಂದಿತ್ತು. ನಿಖರತೆ ಸಾಲದು ಅಂತ ಅದೇ ವರ್ಷ ಜುಲೈನಲ್ಲಿ ಹಿಂದಕ್ಕೆ ತೆಗೆದುಕೊಂಡರು. ಅಲ್ಲದೆ ಬರಹ ಯಂತ್ರದ್ದೋ ಮನುಷ್ಯರದ್ದೋ ಅನ್ನುವುದು ನನ್ನ ಪ್ರಶ್ನೆಯೇ ಆಗಿರಲಿಲ್ಲ. ಅದು ನನ್ನದೋ ಅಲ್ಲವೋ ಅಂತ ತಿಳಿಯಬೇಕಿತ್ತು.

ಹಾಗಾಗಿ ಅಕ್ಕನಿಗೆ ಕೊಟ್ಟೆ. ಐದೂ ಪ್ರಿಂಟ್ ತೆಗೆದು, ಯಾವುದರ ಮೇಲೂ ಏನೂ ಬರೆಯದೆ. ಮೊದಲನೆಯದನ್ನು ಅವಳು ಎರಡು ಸಾಲಿಗೇ ಪಕ್ಕಕ್ಕಿಟ್ಟಳು. ಎರಡನೆಯದನ್ನು ಪೂರ್ತಿ ಓದಿ, "ಚೆನ್ನಾಗಿದೆ, ಆದರೆ ಯಾರದ್ದೋ" ಅಂದಳು. ಮಾತಾಡಿ ಬರೆಸಿದ್ದು ಓದುವಾಗ ನಕ್ಕಳು, ಅರ್ಧಕ್ಕೆ ಬಿಟ್ಟಳು. ಶೈಲಿ ಕಲಿಸಿ ಬರೆಸಿದ್ದನ್ನು ಹಿಡಿದು ಸ್ವಲ್ಪ ಹೊತ್ತು ಯೋಚಿಸಿ, "ಇದ್ಯಾರೋ ನಿನ್ನ ಹಾಗೆ ನಟನೆ ಮಾಡ್ತಿದ್ದಾರೆ. ಬಾವಿ ಕಥೆ ಎಲ್ಲಿಂದ ಬಂತು?" ಅಂದಳು.

ಕೊನೆಯದನ್ನು ಓದುವಾಗ ಏನೂ ಹೇಳಲಿಲ್ಲ. ಕೊನೆಯ ಪ್ಯಾರಾಕ್ಕೆ ಬಂದಾಗ ಕಾಗದ ತೊಡೆಯ ಮೇಲಿಟ್ಟು ನನ್ನ ಮುಖ ನೋಡಿದಳು.

"ಆ ಟೋಪಿ ವಿಷಯ ನನಗೆ ಹೇಳೇ ಇರ್ಲಿಲ್ವಲ್ಲೋ" ಅಂದಳು.