ಕ್ರಿಪ್ಟೋ ಡ್ರೈವರ್ ಬರೆಸುವವರೇ, ‘ಸೆಲ್ಫ್‌ಟೆಸ್ಟ್ ಪಾಸ್ಡ್’ ನೋಡಿ ಬಾಕಿ ಹಣ ಕೊಡಬೇಡಿ

ನಮ್ಮ ಬೋರ್ಡಿನ ಎಇಎಸ್ (ಡೇಟಾ ಎನ್‌ಕ್ರಿಪ್ಟ್ ಮಾಡೋ ಒಂದು ವಿಧಾನ) ಹಾರ್ಡ್‌ವೇರ್‌ಗೆ ಲಿನಕ್ಸ್ ಡ್ರೈವರ್ ಬರೆದುಕೊಡಲು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ತಂಡ ಗುತ್ತಿಗೆ ಹಿಡಿದಿತ್ತು. ರಿಕ್ವೆಸ್ಟ್‌ಗಳ ಕ್ಯೂ ನೋಡಿಕೊಳ್ಳೋಕೆ ಲಿನಕ್ಸ್‌ನ ತಿರುಳಾದ ಕರ್ನಲ್‌ನದೇ ಕ್ರಿಪ್ಟೋ ಎಂಜಿನ್ ಇದೆ, ಯೋಚನೆ ಬೇಡ ಅಂದ್ರು. ಡೆಮೊದಲ್ಲಿ ಕರ್ನಲ್‌ನ ಕ್ರಿಪ್ಟೋ ಪಟ್ಟಿ ಇರೋ ಪ್ರಾಕ್ ಕ್ರಿಪ್ಟೋ ಫೈಲ್ ತೆರೆದು ‘ಸೆಲ್ಫ್‌ಟೆಸ್ಟ್: ಪಾಸ್ಡ್’ ತೋರಿಸಿದ್ರು. ಬಾಕಿ ಹಣ ಅವತ್ತೇ ಹೋಯಿತು.

ಆಮೇಲೆ ನೋಡಿದ್ರೆ, ಡಿಎಂ-ಕ್ರಿಪ್ಟ್ (ಡಿಸ್ಕನ್ನೇ ಎನ್‌ಕ್ರಿಪ್ಟ್ ಮಾಡೋ ಕರ್ನಲ್ ಭಾಗ) ಮೇಲೆ ದೊಡ್ಡ ಫೈಲ್ ಬರೆದ್ರೆ ಡೇಟಾ ಹಾಳು. ಕೆಲವು ಸಲ ಇಡೀ ಡಿಸ್ಕೇ ನಿಂತುಹೋಗುತ್ತೆ, ಲಾಗ್‌ನಲ್ಲಿ ಕೆಲಸವೊಂದು 120 ಸೆಕೆಂಡಿಗೂ ಹೆಚ್ಚು ಅಲ್ಲಾಡಿಲ್ಲ ಅನ್ನೋ ಹಂಗ್ ಟಾಸ್ಕ್ ಎಚ್ಚರಿಕೆ. ಕೇಳಿದ್ರೆ, ‘ಸೆಲ್ಫ್‌ಟೆಸ್ಟ್ ಪಾಸ್ ಆಗಿದೆಯಲ್ಲ ಸರ್, ನಿಮ್ಮ ರ‍್ಯಾಮ್ ಚೆಕ್ ಮಾಡಿಸಿ.’ ಮತ್ತೆ ಕೇಳಿದ್ರೆ ಮತ್ತೆ ಅದೇ, ‘ಪಾಸ್ ಆಗಿದೆಯಲ್ಲ ಸರ್.’

ಮೋಸ ಇರೋದೇ ಅಲ್ಲಿ. ಸೆಲ್ಫ್‌ಟೆಸ್ಟ್ ಒಂದು ರಿಕ್ವೆಸ್ಟ್ ಕಳಿಸಿ, ಮುಗಿಯೋವರೆಗೂ ಕಾದು, ಆಮೇಲೆ ಇನ್ನೊಂದು ಕಳಿಸುತ್ತೆ. ಕ್ಯೂ ತುಂಬೋದೇ ಇಲ್ಲ! ಎಂಜಿನ್ ಕ್ಯೂನ ಮಾಮೂಲಿ ಮಿತಿ 10. ಜಾಗ ಇದ್ದಾಗ ಸಿಗೋ ಉತ್ತರ ಇನ್‌ಪ್ರೋಗ್ರೆಸ್. ತುಂಬಿದ ಮೇಲೆ, ‘ಮೇ ಬ್ಯಾಕ್‌ಲಾಗ್’ ಫ್ಲ್ಯಾಗ್ ಇದ್ರೆ ಬ್ಯುಸಿ, ಇಲ್ಲದಿದ್ರೆ ನೋಸ್ಪೇಸ್. ಬ್ಯುಸಿ ಅಂದ್ರೆ ಸೋಲಲ್ಲ, ರಿಕ್ವೆಸ್ಟ್ ಬ್ಯಾಕ್‌ಲಾಗ್‌ಗೆ ಸೇರಿದೆ ಅಂತ. ಡಿಎಂ-ಕ್ರಿಪ್ಟ್ ಈ ಫ್ಲ್ಯಾಗ್ ಹಾಕಿಯೇ ಕಳಿಸುತ್ತೆ. ಇವರ ಕೋಡ್ ಏನು ಮಾಡ್ತಿತ್ತು? ಇನ್‌ಪ್ರೋಗ್ರೆಸ್ ಬರದಿದ್ರೆ ಎರರ್ ಅಂತ ತಿಳಿದು ಬೌನ್ಸ್ ಬಫರ್ (ಡೇಟಾ ತಾತ್ಕಾಲಿಕವಾಗಿ ಇಡೋ ಮೆಮೊರಿ) ಫ್ರೀ. ಆಮೇಲೆ ಸರದಿ ಬಂದಾಗ ಹಾರ್ಡ್‌ವೇರ್ ಅದೇ ಬಫರ್‌ಗೆ ಡಿಎಂಎ ಮಾಡುತ್ತೆ, ಅಂದ್ರೆ ಸಿಪಿಯು ಇಲ್ಲದೆ ನೇರ ಮೆಮೊರಿಗೇ ಬರೆಯುತ್ತೆ. ಬೇರೆಯವರ ಮೆಮೊರಿ ಕೆಡದೆ ಇನ್ನೇನು?

ಡಿಸ್ಕ್ ನಿಲ್ಲೋದಕ್ಕೆ ಕಾರಣ ಡಿಎಂಎ ಟೈಮ್‌ಔಟ್ ದಾರಿ, ಅಂದ್ರೆ ಡಿಎಂಎ ಸಮಯಕ್ಕೆ ಮುಗಿಯದಿದ್ದಾಗ ಓಡೋ ಕೋಡ್. ಅಲ್ಲಿ ‘ಈ ರಿಕ್ವೆಸ್ಟ್ ಮುಗೀತು’ ಅಂತ ಎಂಜಿನ್‌ಗೆ ತಿಳಿಸೋ ಫೈನಲೈಜ್ ಕರೆಯೇ ಇಲ್ಲ. ಮಾಮೂಲಿ ಎಂಜಿನ್ ಹಾರ್ಡ್‌ವೇರ್‌ಗೆ ಒಂದು ಸಲಕ್ಕೆ ಒಂದೇ ರಿಕ್ವೆಸ್ಟ್ ಕೊಡೋದು, ಅದು ಫೈನಲೈಜ್ ಆಗದೆ ಮುಂದಿನದನ್ನ ಮುಟ್ಟಲ್ಲ. ಇದನ್ನ ತೋರಿಸಿದ ಮೇಲೆ ‘ಸರಿ ಮಾಡಿದ್ದೀವಿ’ ಅಂತ ಕಳಿಸಿದ ಪ್ಯಾಚ್ ಇನ್ನೂ ಕೆಟ್ಟದ್ದು: ಎಂಜಿನ್ ಪ್ರತಿ ರಿಕ್ವೆಸ್ಟ್‌ಗೂ ಕರೆಯೋ ಡೂ-ಒನ್-ರಿಕ್ವೆಸ್ಟ್ ಫಂಕ್ಷನ್ ಒಳಗೇ ಫೈನಲೈಜ್ ಮಾಡಿ, ಮತ್ತೆ ಎರರ್ ಕೂಡ ವಾಪಸ್. ಎರರ್ ವಾಪಸ್ ಬಂದ್ರೆ ಎಂಜಿನ್ನೇ ರಿಕ್ವೆಸ್ಟ್ ಮುಗಿಸುತ್ತೆ. ಒಂದೇ ರಿಕ್ವೆಸ್ಟ್‌ಗೆ ಎರಡು ಸಲ ‘ಮುಗೀತು’ ಅನ್ನೋ ಕಾಲ್‌ಬ್ಯಾಕ್! ಅದಕ್ಕೂ ಉತ್ತರ ಏನು ಗೊತ್ತಾ? ‘ಲೋಡ್ ಟೆಸ್ಟಿಂಗ್ ಕೊಟೇಶನ್‌ನಲ್ಲಿ ಇರಲಿಲ್ಲ ಸರ್.’

ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ. ಮೆಮೊರಿ ತಪ್ಪು ಹಿಡಿಯೋ ಕೆಎಎಸ್‌ಎಎನ್, ಲಾಕ್ ತಪ್ಪು ಹಿಡಿಯೋ ಲಾಕ್‌ಡೆಪ್, ಡಿಎಂಎ ತಪ್ಪು ಹಿಡಿಯೋ ಡಿಎಂಎ ಎಪಿಐ ಡೀಬಗ್ ಆನ್ ಮಾಡಿದ ಕರ್ನಲ್, ಡಿಎಂ-ಕ್ರಿಪ್ಟ್ ಮೇಲೆ ಐಒ ಡೆಪ್ತ್ 64ರ (ಒಟ್ಟಿಗೆ 64 ರಿಕ್ವೆಸ್ಟ್) ಎಫ್‌ಐಒ ವೆರಿಫೈ (ಬರೆದದ್ದನ್ನ ಮತ್ತೆ ಓದಿ ತಾಳೆ ನೋಡೋ ಡಿಸ್ಕ್ ಟೆಸ್ಟ್), ನಡುವೆ ಬೇಕೆಂದೇ ಇಂಟರಪ್ಟ್ ತಡೆದು ಟೈಮ್‌ಔಟ್. ಇದು ನಿಮ್ಮ ಬೋರ್ಡ್ ಮೇಲೆ, ನಿಮ್ಮ ಕಣ್ಣೆದುರಿಗೇ ನಡೀಬೇಕು.