ಬಿದ್ದರೆ ತೆರಬೇಕಾದ ಬೆಲೆ: ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂರು ಕಠಿಣ ನಿಯಮಗಳ ಹೋಲಿಕೆ

ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೆಯ ಆವೃತ್ತಿಯಲ್ಲಿ (2014) ಹಿಟ್ ಪಾಯಿಂಟ್ (ಜೀವಬಲದ ಲೆಕ್ಕ) ಸೊನ್ನೆಗೆ ಇಳಿದ ಪಾತ್ರವು ಪ್ರಜ್ಞೆ ತಪ್ಪಿ ಬೀಳುತ್ತದೆ. ಆಮೇಲೆ ಪ್ರತಿ ಸರದಿಯಲ್ಲೂ ಇಪ್ಪತ್ತು ಮುಖದ ದಾಳ ಉರುಳಿಸಿ, 10ಕ್ಕಿಂತ ಕಡಿಮೆ ಮೂರು ಸಲ ಬಿದ್ದರೆ ಸಾಯುತ್ತದೆ; ಈ ಪರೀಕ್ಷೆಗೆ ಡೆತ್ ಸೇವ್ ಎಂದು ಹೆಸರು. ಕೇಳುವುದಕ್ಕೆ ಇದು ಕಠೋರ. ಆದರೆ ಹೀಲಿಂಗ್ ವರ್ಡ್ ಎಂಬ ಮೊದಲ ಹಂತದ ಮಂತ್ರವು 60 ಅಡಿ ದೂರದಿಂದಲೇ, ಬರೀ ಬೋನಸ್ ಆಕ್ಷನ್ (ಸರದಿಯ ಮುಖ್ಯ ಕೆಲಸದ ಜೊತೆಗೆ ಮಾಡಬಹುದಾದ ಕಿರುಕೆಲಸ) ಖರ್ಚಿನಲ್ಲಿ, ಬಿದ್ದವರನ್ನು ಎಬ್ಬಿಸಿಬಿಡುತ್ತದೆ. ಮೂರನೆಯ ಆವೃತ್ತಿಯಲ್ಲಿ ಲೆಕ್ಕ ಸೊನ್ನೆಯ ಕೆಳಗೂ ಇಳಿದು −10ಕ್ಕೆ ಸಾವು ಬರುತ್ತಿತ್ತು. ಐದನೆಯದರಲ್ಲಿ ಸೊನ್ನೆಯ ಕೆಳಗಿನ ಪೆಟ್ಟು, ಒಂದೇ ಏಟಿಗೆ ಕೊಲ್ಲುವಷ್ಟು ಭಾರಿಯಾಗಿರದಿದ್ದರೆ, ಲೆಕ್ಕಕ್ಕೇ ಇಲ್ಲವಾದ್ದರಿಂದ, ಬೀಳುವ ಮುನ್ನ ಗುಣಪಡಿಸುವುದಕ್ಕಿಂತ ಬಿದ್ದ ಮೇಲೆ ಗುಣಪಡಿಸುವುದೇ ಲಾಭ. ಆಟ ನಡೆಸುವ ಡಂಜನ್ ಮಾಸ್ಟರ್ ಆಗಿ ನನಗೆ ಬೇಕಾಗಿದ್ದದ್ದು ಹೆಚ್ಚು ಸಾವುಗಳಲ್ಲ, ಬೀಳುವುದಕ್ಕೊಂದು ಬೆಲೆ.

ಮೊದಲು ಬಳಸಿದ್ದು ಮಾಸ್ಟರ್ ಕೈಪಿಡಿಯ ‘ಗ್ರಿಟಿ ರಿಯಲಿಸಂ’. ಇದರಲ್ಲಿ ಪಾತ್ರಗಳು ಚೇತರಿಸಿಕೊಳ್ಳುವ ವಿಶ್ರಾಂತಿಗಳು ಬಹಳ ಉದ್ದ: ಕಿರು ವಿಶ್ರಾಂತಿಗೆ 8 ಗಂಟೆ, ದೀರ್ಘ ವಿಶ್ರಾಂತಿಗೆ 7 ದಿನ. ಊರೂರು ಅಲೆಯುವ ಕಥೆಗೆ ಇದು ಒಗ್ಗುತ್ತದೆಯೇ ಹೊರತು ಒಂದು ಕಾದಾಟದ ಒಳಗೆ ಏನನ್ನೂ ಬದಲಿಸುವುದಿಲ್ಲ. ನೆಲಮಾಳಿಗೆಯ ನಡುವೆ ವಾರಗಟ್ಟಲೆ ಮಲಗುವುದಕ್ಕಂತೂ ಆಗದು.

ಎರಡನೆಯದು ಅದೇ ಕೈಪಿಡಿಯ ‘ಉಳಿಯುವ ಗಾಯಗಳು’. ಕ್ರಿಟಿಕಲ್ ಪೆಟ್ಟು (ಎದುರಾಳಿಯ ದಾಳ 20 ತೋರಿದಾಗಿನ ಭಾರಿ ಹೊಡೆತ) ತಿಂದಾಗ, ಸೊನ್ನೆಗೆ ಇಳಿದಾಗ ಅಥವಾ ಡೆತ್ ಸೇವ್‌ನಲ್ಲಿ 5 ಅಥವಾ ಹೆಚ್ಚು ಅಂತರದಿಂದ ಸೋತಾಗ ಕೋಷ್ಟಕದ ಮೇಲೆ ದಾಳ ಉರುಳಿಸಬಹುದು: 1 ಬಿದ್ದರೆ ಕಣ್ಣು, 2 ಬಿದ್ದರೆ ಕೈ, 3 ಬಿದ್ದರೆ ಕಾಲು ಹೋಗುತ್ತದೆ, 17ರಿಂದ ಮೇಲೆ ಬರೀ ಕಲೆ. ಕಥೆಯ ದೃಷ್ಟಿಯಿಂದ ಮೂರರಲ್ಲಿ ಹೆಚ್ಚು ಸ್ವಾರಸ್ಯ ಇದರಲ್ಲೇ ಇದೆ, ಆಟಗಾರರು ನಿಜಕ್ಕೂ ಹೆದರಿದ್ದೂ ಇದಕ್ಕೇ. ಆದರೂ ನಿಯಮವಾಗಿ ಇದು ಸೋಲುತ್ತದೆ, ಏಕೆಂದರೆ ಕುಂಟು, ಮುರಿದ ಪಕ್ಕೆಲುಬು ಮುಂತಾದ ಮಧ್ಯಮ ಗಾಯಗಳನ್ನು ಮಾಂತ್ರಿಕ ಚಿಕಿತ್ಸೆ ಮಾಯ ಮಾಡುತ್ತದೆ. ಎಂದರೆ, ಬಿದ್ದವರನ್ನು ಎಬ್ಬಿಸುವ ಹೀಲಿಂಗ್ ವರ್ಡೇ ಅವರ ದಂಡವನ್ನೂ ಮನ್ನಾ ಮಾಡುತ್ತದೆ. ಕಳೆದುಹೋದ ಕೈಗಾದರೋ ಅಂಗವನ್ನು ಮತ್ತೆ ಬೆಳೆಸುವ ರೀಜನರೇಟ್ ಮಂತ್ರವೇ ಬೇಕು, ಅದು ಪುರೋಹಿತ ಪಾತ್ರವಾದ ಕ್ಲೆರಿಕ್‌ಗೆ ದಕ್ಕುವುದು 13ನೆಯ ಲೆವೆಲ್‌ನಲ್ಲಿ. ಜೊತೆಗೆ ಮುಂದೆ ನಿಂತು ಪೆಟ್ಟು ತಿನ್ನುವ ಫೈಟರ್ ಅಂಗವಿಕಲನಾಗುತ್ತಾನೆ, ಹಿಂದೆ ಅವಿತ ಮಂತ್ರವಾದಿ ವಿಝರ್ಡ್ ಅಖಂಡವಾಗಿರುತ್ತಾನೆ. ಎದುರಾಳಿ ಗಾಬ್ಲಿನ್‌ಗಳು ಹೇಗೂ ಅಂದೇ ಸಾಯುವುದರಿಂದ ಅವಕ್ಕೆ ಕಣ್ಣು ಹೋದರೇನು, ಬಿಟ್ಟರೇನು!

ನನ್ನ ಮೇಜಿನಲ್ಲಿ ಉಳಿದುಕೊಂಡಿರುವುದು ಮೂರನೆಯದು. ಇದು ಕೈಪಿಡಿಯದಲ್ಲ, ಅನೇಕ ಮಾಸ್ಟರ್‌ಗಳು ಬಳಸುವ ಮನೆನಿಯಮ: ಸೊನ್ನೆಗೆ ಬಿದ್ದು ಎದ್ದವರಿಗೆ ಒಂದು ಹಂತದ ಎಕ್ಸಾಶನ್, ಅಂದರೆ ಹಂತಹಂತವಾಗಿ ಏರುವ ದಣಿವು. 2014ರ ಕೋಷ್ಟಕದಲ್ಲಿ ಮೊದಲ ಹಂತ ಕಾದಾಟವನ್ನು ಅಷ್ಟಾಗಿ ತಟ್ಟುವುದಿಲ್ಲ, ಎರಡನೆಯದು ವೇಗವನ್ನು ಅರ್ಧಕ್ಕಿಳಿಸುತ್ತದೆ, ಮೂರನೆಯದು ಆಕ್ರಮಣ ಮತ್ತು ಸೇವ್‌ಗಳನ್ನು (ಅಪಾಯದಿಂದ ಪಾರಾಗಲು ಉರುಳಿಸುವ ದಾಳ) ಕೆಡಿಸುತ್ತದೆ, ಆರನೆಯದು ಸಾವು. ದೀರ್ಘ ವಿಶ್ರಾಂತಿಯಿಂದ ಇಳಿಯುವುದು ಒಂದೇ ಹಂತ. ಒಮ್ಮೆ ಬಿದ್ದದ್ದಕ್ಕೆ ಕ್ಷಮೆಯಿದೆ, ಪದೇಪದೇ ಬೀಳುವುದಕ್ಕಿಲ್ಲ. ಬೀಳುವ ಮೊದಲೇ ಗುಣಪಡಿಸುವ ಅಭ್ಯಾಸ ಯಾರೂ ಹೇಳದೆ ಮರಳಿತು. 2024ರ ಪರಿಷ್ಕರಣೆಯಲ್ಲಿ ಪ್ರತಿ ಹಂತಕ್ಕೂ ದಾಳದ ಪರೀಕ್ಷೆಗಳಲ್ಲಿ 2 ಕಡಿತವಿರುವುದರಿಂದ ಮೊದಲ ಬೀಳುವಿಕೆಯೇ ಚುರುಕು ಮುಟ್ಟಿಸುತ್ತದೆ; ನನಗೆ ಹಳೆಯದರ ಸಹನೆಯೇ ಇಷ್ಟ.

ಇದಕ್ಕೆ ಎರಡು ವಿನಾಯಿತಿ ಬೇಕಾಗುತ್ತದೆ. 2014ರ ಬರ್ಸರ್ಕರ್ ಎಂಬ ಯೋಧ ತನ್ನ ಉನ್ಮಾದದಿಂದಲೇ ಎಕ್ಸಾಶನ್ ಪಡೆಯುವುದರಿಂದ ಅವನಿಗೆ ಇಮ್ಮಡಿ ಶಿಕ್ಷೆ ಸಲ್ಲದು. ಮೊದಲೆರಡು ಲೆವೆಲ್‌ಗಳಲ್ಲಿ ನಿಯಮವೇ ಬೇಡ: ಅಲ್ಲಿ 7 ಹಿಟ್ ಪಾಯಿಂಟ್‌ನ ವಿಝರ್ಡ್‌ಗೆ ಓರ್ಕ್‌ನ ಒಂದು ಕ್ರಿಟಿಕಲ್ ಪೆಟ್ಟು ಸರಾಸರಿ 16 ಬೀಳುತ್ತದೆ, ಸೊನ್ನೆಗಿಳಿದ ಮೇಲೂ ಪೂರ್ಣ ಹಿಟ್ ಪಾಯಿಂಟ್‌ನಷ್ಟು ಪೆಟ್ಟು ಉಳಿದರೆ, ಇಲ್ಲಿ 14 ಬಿದ್ದರೇ, ಡೆತ್ ಸೇವ್ ಇಲ್ಲದ ನೇರ ಸಾವು.