ನೀಲಗಿರಿ ಕಡ್ಡಿಗೆ ಬೇರು: ಯಾವ ತಾಯಿ ಮರ, ಯಾವ ಚಿಗುರು?

ಹೊಸೂರು, ಡೆಂಕಣಿಕೋಟೆ ಸುತ್ತ ಚಿಗುರಿನ ಕಡ್ಡಿ ನೆಟ್ಟು ನೀಲಗಿರಿ ಸಸಿ ಮಾಡುವವರ ಮಾತು ಶುರುವಾಗುವುದೇ ಬೇರು ಬರಿಸುವ ಹಾರ್ಮೋನು ಪುಡಿಯಿಂದ. ನಾವು ಇಟ್ಟು ನೋಡಿದಂತೆ ಪುಡಿಯ ಸ್ಥಾನ ಮೂರನೆಯದು. ತಾಯಿ ಮರ ಮೊದಲು, ಚಿಗುರಿನ ಎಳೆತನ ಆಮೇಲೆ.

ಒಂದೇ ದಿನ, ಒಂದೇ ಪುಡಿ ಹಚ್ಚಿ, ಒಂದೇ ಟ್ರೇಯಲ್ಲಿ ಅಕ್ಕಪಕ್ಕ ಇಟ್ಟರೂ ನೀಲಗಿರಿಯ ಜಾತಿಗಳು ಒಂದೇ ಥರ ನಡೆದುಕೊಳ್ಳುವುದಿಲ್ಲ. ಕಮಾಲ್ಡುಲೆನ್ಸಿಸ್ ಜಾತಿಯ ಆಯ್ದ ಕ್ಲೋನುಗಳು (ಒಂದೇ ತಾಯಿ ಮರದ ಕಡ್ಡಿಯಿಂದ ಬಂದ, ಅದರದೇ ಗುಣದ ಗಿಡಗಳು) ಮೂರು ನಾಲ್ಕು ವಾರದಲ್ಲಿ ಬೇರು ಬಿಡುತ್ತವೆ. ಗ್ರಾಂಡಿಸ್–ಯೂರೋಫಿಲ್ಲ ಸಂಕರದ ಒಳ್ಳೆಯ ಕ್ಲೋನುಗಳೂ ಹಿಂದೆ ಬೀಳುವುದಿಲ್ಲ, ಆದರೆ ನೆಟ್ಟ ಮೇಲೆ ನೀರು ಕೇಳುತ್ತವೆ. ಅಂಚೆಟ್ಟಿ ಕಡೆಯ ಒಣ ಹೊಲಕ್ಕೆ ಸಲ್ಲವು. ಬೀಜದಿಂದ ಬಂದ ಮೈಸೂರು ಗಮ್ (ಟೆರೆಟಿಕಾರ್ನಿಸ್ ಬಗೆಯ ನೀಲಗಿರಿ) ತೋಪಿನಲ್ಲಿ ಮಾತ್ರ ಒಂದು ಮರದ ಕಡ್ಡಿ ಚೆನ್ನಾಗಿ ಹಿಡಿದರೆ ಪಕ್ಕದ ಮರದ್ದು ಪೂರ್ತಿ ಕೈಕೊಡಬಹುದು. ಊಟಿಯ ಗ್ಲಾಬ್ಯುಲಸ್ ಹಠಮಾರಿ: ಬುಡ ಊದಿ ಬಿಳಿ ಗಂಟು ಕಟ್ಟುತ್ತದೆ, ಬೇರು ಬರುವುದು ಕಷ್ಟ. ಅದಕ್ಕೆ ಬೀಜವೇ ಸರಿ.

ಕಾರಣ ವಂಶವಾಹಿಯಲ್ಲಿದೆ. ಬೇರು ಬಿಡುವ ಗುಣ ಒಂದೇ ಜೀನಿನ ಕೆಲಸವಲ್ಲ. 1995ರಲ್ಲೇ ಗ್ರಾಂಡಿಸ್–ಯೂರೋಫಿಲ್ಲ ಸಂಕರದ ಅಧ್ಯಯನ ಈ ಗುಣವನ್ನು ವರ್ಣತಂತುಗಳ ಹಲವು ಜಾಗಗಳಿಗೆ ಜೋಡಿಸಿತ್ತು. 2014ರಲ್ಲಿ ಗ್ರಾಂಡಿಸ್‌ನ ಇಡೀ ಜೀನೋಮ್ ಪ್ರಕಟವಾಯಿತು: 11 ಜೊತೆ ವರ್ಣತಂತು, 36,000ಕ್ಕೂ ಹೆಚ್ಚು ಜೀನ್. ಹೀಗಿರುವಾಗ ಮರದ ಎತ್ತರ, ದಪ್ಪ ನೋಡಿ ಕಡ್ಡಿ ಹಿಡಿಯುತ್ತದೆಂದು ಹೇಳಲಾಗದು. ಪ್ರತಿ ಮರದಿಂದ 50 ಕಡ್ಡಿಯಂತೆ ಬೇರೆ ಬೇರೆ ತಿಂಗಳಲ್ಲಿ ಮೂರು ಸಲ ಇಡಿ, ಪಕ್ಕದಲ್ಲಿ ಚೆನ್ನಾಗಿ ಗೊತ್ತಿರುವ ಒಂದು ಕ್ಲೋನ್ ಇರಲಿ. ಆ ಕ್ಲೋನೂ ಕೆಟ್ಟರೆ ತಪ್ಪು ಟ್ರೇ ಇಡುವ ಮಿಸ್ಟ್ ಮನೆಯದ್ದು, ಮರದ್ದಲ್ಲ.

ಇನ್ನು ಚಿಗುರು. ಮರಕ್ಕೆ ವಯಸ್ಸಾದಂತೆ ತುದಿಯ ಕೊಂಬೆ ಬೇರು ಬಿಡುವ ಶಕ್ತಿ ಕಳೆದುಕೊಳ್ಳುತ್ತದೆ. ಬುಡದಲ್ಲಿ ಎಳೆತನ ಉಳಿದಿರುತ್ತದೆ. ಅದಕ್ಕೇ ಮರವನ್ನು ನೆಲದಿಂದ ಸುಮಾರು 15 ಸೆಂ.ಮೀ. ಎತ್ತರಕ್ಕೆ ಕಡಿದು ಕೂಳೆ ಚಿಗುರು ತೆಗೆಯುವುದು. 45ರಿಂದ 60 ದಿನದ ಚಿಗುರು, ಬೆರಳಲ್ಲಿ ಬಗ್ಗಿಸಿದರೆ ಮುರಿಯದೆ ಬಳುಕಬೇಕು. ಎಲೆ ಅಗಲವಾಗಿರಲಿ, ಕುಡುಗೋಲಿನಂತೆ ಸಪೂರವಾಗಿ ಜೋತಿದ್ದರೆ ಆ ಚಿಗುರು ಬಲಿತಿದೆ, ಬಿಡಿ. 10 ಸೆಂ.ಮೀ. ಕಡ್ಡಿ, ಒಂದು ಜೊತೆ ಎಲೆ, ಅದನ್ನೂ ಅರ್ಧ ಕತ್ತರಿಸಿ. ಲೀಟರಿಗೆ 1 ಗ್ರಾಂ ಕಾರ್ಬೆಂಡಜಿಮ್ (ಶಿಲೀಂಧ್ರನಾಶಕ) ಹಾಕಿದ ನೀರಲ್ಲಿ ಅದ್ದಿ, ಬುಡದ ನೀರು ಸೋರಿದ ಮೇಲೆ ಪುಡಿ ಹಚ್ಚಿ.

ಮಿನಿ ಕಡ್ಡಿಯ ದಾರಿ ಬೇರೆ. ಬೇರು ಬಂದ ಕ್ಲೋನ್ ಗಿಡವನ್ನೇ ಮರಳು ಮಡಿಯಲ್ಲಿ ನೆಟ್ಟು, ತುದಿ ಚಿವುಟಿ, ಎರಡು ಮೂರು ವಾರಕ್ಕೊಮ್ಮೆ 5ರಿಂದ 8 ಸೆಂ.ಮೀ. ಕುಡಿ ಕೊಯ್ಯುವುದು. ಪದೇಪದೇ ಚಿವುಟುವುದರಿಂದ ಗಿಡ ಎಳೆಯದಾಗಿಯೇ ಉಳಿಯುತ್ತದೆ. ಇಲ್ಲಿ ಬೇರು ಬೇಗ ಬರುತ್ತದೆ, ಸುತ್ತಲೂ ಬರುತ್ತದೆ; ಕೂಳೆ ಕಡ್ಡಿಯಲ್ಲಿ ಕೆಲವೊಮ್ಮೆ ಒಂದೇ ಪಕ್ಕಕ್ಕೆ ದಪ್ಪ ಬೇರು ಇಳಿದು ಮುಂದೆ ಗಾಳಿಗೆ ಮರ ವಾಲುತ್ತದೆ. ಆದರೆ ಎಳೆ ಕುಡಿ ಅರ್ಧ ಗಂಟೆ ಬಿಸಿಲಿಗೆ ಸಿಕ್ಕರೂ ಬಾಡುತ್ತದೆ. ಮಡಿಗೆ ಯೂರಿಯಾ ಹೆಚ್ಚು ಸುರಿದರೆ ಕುಡಿ ಮೆತ್ತಗಾಗಿ ಟ್ರೇಯಲ್ಲೇ ಕೊಳೆಯುತ್ತದೆ.

ಪುಡಿ: ಕೂಳೆ ಕಡ್ಡಿಗೆ 4000 ಪಿಪಿಎಂ ಐಬಿಎ (ಬೇರು ಬರಿಸುವ ಹಾರ್ಮೋನು), ಅಂದರೆ 1 ಕಿಲೋ ಟಾಲ್ಕಿಗೆ 4 ಗ್ರಾಂ, ಸ್ಪಿರಿಟ್‌ನಲ್ಲಿ ಕರಗಿಸಿ ಕಲಸಿ ನೆರಳಲ್ಲಿ ಒಣಗಿಸಿ. ಮಿನಿ ಕಡ್ಡಿಗೆ 1000ರಿಂದ 2000 ಸಾಕು, ಕೆಲವು ಕ್ಲೋನಿಗೆ ಅದೂ ಬೇಡ. ಹಿಡಿಯದ ಕ್ಲೋನಿಗೆ ಪ್ರಮಾಣ ಏರಿಸುತ್ತ ಹೋದರೆ ಗಂಟು ದೊಡ್ಡದಾಗುತ್ತದೆ, ಬುಡ ಕಪ್ಪಾಗುತ್ತದೆ, ಅಷ್ಟೆ.

ಟ್ರೇಗೆ ತುಂಬುವ ತೆಂಗಿನ ನಾರಿನ ಪುಡಿಯನ್ನು ತೊಳೆದು ಉಪ್ಪು ಇಳಿಸಿಯೇ ಬಳಸಿ. ಡಿಸೆಂಬರ್–ಜನವರಿಯ ಚಳಿಯಲ್ಲಿ ಈ ಭಾಗದಲ್ಲಿ ಟ್ರೇ ತಣ್ಣಗಾಗಿ ಬೇರು ತಡವಾಗುತ್ತದೆ. ಆಗ ಮಿಸ್ಟ್ (ನೀರಿನ ಮಂಜು) ಹೆಚ್ಚು ಬಿಟ್ಟರೆ ಕೊಳೆತ ಖಚಿತ.

ವರ್ಷಕ್ಕೆ ಕೆಲವೇ ಸಾವಿರ ಸಸಿ ಬೇಕಾದವರಿಗೆ ಕೂಳೆಯೇ ಅಗ್ಗ. ವರ್ಷವಿಡೀ ಸಸಿ ಮಾರುವ ನರ್ಸರಿಗೆ ಮಿನಿ ಮಡಿ. ಅದೂ ಮೂರು ಸಲ ಪರೀಕ್ಷೆ ದಾಟಿದ ಕ್ಲೋನಿನಿಂದ ಮಾತ್ರ.